ರೆಸ್ಯೂಮ್ ಬರೆಸುವುದು ಯಾರ ಹತ್ತಿರ? ಹುಬ್ಬಳ್ಳಿ-ಧಾರವಾಡದಲ್ಲಿ ಮೂರು ಕಡೆ ಮಾಡಿಸಿ ನೋಡಿದೆ

ತಾರಿಹಾಳದ ಒಂದು ಸಣ್ಣ ಕಾರ್ಖಾನೆಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಬಿ.ಕಾಂ. ಮುಗಿಸಿದ ಮೇಲೆ ಸಿಕ್ಕ ಮೊದಲ ಕೆಲಸ ಇದು. ಈಗ ಸ್ವಲ್ಪ ದೊಡ್ಡ ಕಂಪನಿಗೆ ಹೋಗಬೇಕು ಅಂತ ರೆಸ್ಯೂಮ್, ಕವರ್ ಲೆಟರ್ ಎರಡನ್ನೂ ಮೂರು ಕಡೆ ದುಡ್ಡು ಕೊಟ್ಟು ಬರೆಸಿದೆ: ವಿದ್ಯಾನಗರದ ಡಿಟಿಪಿ ಅಂಗಡಿ, ಒಂದು ಆನ್‌ಲೈನ್ ಸೇವೆ, ಆಮೇಲೆ ಧಾರವಾಡದ ಸಪ್ತಾಪುರದಲ್ಲಿ ಮನೆಯಿಂದಲೇ ಈ ಕೆಲಸ ಮಾಡುವ ಒಬ್ಬ ನಿವೃತ್ತ ಎಚ್‌ಆರ್ ಮೇಡಂ. ಮೂರೂ ಪ್ರತಿ ಈಗ ನನ್ನ ಮುಂದಿವೆ. ಒಬ್ಬಳದೇ ಕೆಲಸದ ವಿವರ ಇದು ಅಂತ ನಂಬುವುದೇ ಕಷ್ಟ.

ಡಿಟಿಪಿ ಅಂಗಡಿಯಲ್ಲಿ ಅರ್ಧ ಗಂಟೆಯೊಳಗೆ ಪ್ರಿಂಟ್ ಕೈಗೆ ಬಂತು. ಖರ್ಚು ನೂರೈವತ್ತರ ಆಸುಪಾಸು. ಅವರ ಹತ್ತಿರ ಒಂದು ಸಿದ್ಧ ನಮೂನೆ ಇರುತ್ತದೆ. ಮೇಲೆ ಫೋಟೋ, ಆಮೇಲೆ ಕರಿಯರ್ ಆಬ್ಜೆಕ್ಟಿವ್, ತಂದೆಯ ಹೆಸರು, ಧರ್ಮ, ಮದುವೆಯಾಗಿದೆಯೋ ಇಲ್ಲವೋ, ಕೊನೆಗೆ ಮೇಲಿನದೆಲ್ಲ ಸತ್ಯ ಎಂಬ ಡಿಕ್ಲರೇಶನ್. ಹಿಂದಿನವರ ಫೈಲ್ ಮೇಲೆಯೇ ನಮ್ಮ ವಿವರ ಟೈಪ್ ಮಾಡುತ್ತಾರೆ. ಹಾಗಾಗಿ ನನ್ನ ಮೊದಲ ಪ್ರಿಂಟಿನಲ್ಲಿ ಸಹಿಯ ಪಕ್ಕ ಊರು ‘ಗದಗ’ ಅಂತಲೇ ಇತ್ತು! ಕವರ್ ಲೆಟರ್ ಅಂದರೆ ಅಲ್ಲಿ ‘ರೆಸ್ಪೆಕ್ಟೆಡ್ ಸರ್’ ಅಂತ ಶುರುವಾಗುವ ನಾಲ್ಕು ಸಾಲು, ಯಾವ ಕಂಪನಿಗಾದರೂ ಅದೇ.

ಆದರೂ ಈ ಅಂಗಡಿಗಳನ್ನು ನಾನು ತಳ್ಳಿಹಾಕುವುದಿಲ್ಲ. ಗೋಕುಲ ರಸ್ತೆಯ ಶೋರೂಮು, ಖಾಸಗಿ ಶಾಲೆ ಇಂಥ ಕಡೆ ನಾವೇ ಹೋಗಿ ಅಂಕಪಟ್ಟಿಯ ಝೆರಾಕ್ಸ್ ಜೊತೆ ಕಾಗದ ಕೊಟ್ಟು ಬರುವುದಾದರೆ ಇದೇ ಸಾಕು. ಪತ್ತಿನ ಸಹಕಾರ ಸಂಘಕ್ಕೆ ಕನ್ನಡದಲ್ಲಿ ಅರ್ಜಿ ಹಾಕುವುದಿದ್ದರಂತೂ ಇವರಷ್ಟು ಚೊಕ್ಕಟವಾಗಿ ಬೇರೆ ಯಾರೂ ಮಾಡಿಕೊಡಲಿಲ್ಲ. ಒಂದೇ ಎಚ್ಚರಿಕೆ. ಕನ್ನಡ ಟೈಪಿಂಗ್ ತಂತ್ರಾಂಶ ‘ನುಡಿ’ಯ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಫೈಲನ್ನು ಹಾಗೇ ಇಮೇಲ್ ಮಾಡಿದರೆ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅಕ್ಷರವೆಲ್ಲ ಕಲಸುಮೇಲೋಗರವಾಗುತ್ತದೆ. ಪಿಡಿಎಫ್ ಮಾಡಿಸಿಕೊಳ್ಳಿ.

ಆನ್‌ಲೈನ್ ಸೇವೆಗೆ ಎರಡು ಸಾವಿರಕ್ಕಿಂತ ಜಾಸ್ತಿ ಕೊಟ್ಟೆ. ಒಂದು ಫಾರ್ಮ್ ತುಂಬಿಸಿಕೊಂಡರು. ಫೋನಿನಲ್ಲಿ ಮಾತೇ ಇಲ್ಲ, ಬರೀ ವಾಟ್ಸಾಪ್. ಬಂದ ಫೈಲ್ ನೋಡಲು ಚೆಂದ. ಎರಡು ಕಾಲಂ, ನೀಲಿ ಪಟ್ಟಿ, ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ ನನಗೆ ಎಷ್ಟು ಬರುತ್ತದೆ ಅಂತ ತೋರಿಸುವ ಚುಕ್ಕಿಗಳು. ಇಂಗ್ಲಿಷಿನಲ್ಲಿ ಒಂದು ತಪ್ಪಿಲ್ಲ. ಜಾಹೀರಾತಿನಲ್ಲಿ ಕಂಪನಿ ಕೇಳಿದ್ದ ಪದಗಳನ್ನು ಹುಡುಕಿ ಸೇರಿಸಿದ್ದರು. ಲಿಂಕ್ಡ್‌ಇನ್ ಪ್ರೊಫೈಲನ್ನೂ ತಿದ್ದಿಕೊಟ್ಟರು. ಇಷ್ಟೆಲ್ಲ ಒಪ್ಪುತ್ತೇನೆ.

ನನಗೆ ಸಿಟ್ಟು ಬಂದದ್ದು ಒಂದು ಸಾಲಿಗೆ. ಕಂಪನಿಯ ಖರ್ಚನ್ನು ನಾನು ಶೇಕಡಾ 30ರಷ್ಟು ಇಳಿಸಿದ್ದೇನಂತೆ. ನಾನು ಅದನ್ನು ಹೇಳಿರಲೇ ಇಲ್ಲ. ಕೇಳಿದರೆ ‘ನಂಬರ್ ಇದ್ದರೆ ಚೆನ್ನಾಗಿ ಕಾಣುತ್ತೆ’ ಅಂದರು. ಇಂಟರ್ವ್ಯೂದಲ್ಲಿ ಹೇಗೆ ಇಳಿಸಿದಿರಿ ಅಂತ ಕೇಳಿದರೆ ಉತ್ತರ ಕೊಡಬೇಕಾದವಳು ನಾನು, ಅಲ್ವಾ? ತೆಗೆಸಿದೆ.

ಮತ್ತೊಂದು ತೊಂದರೆ ಆ ಡಿಸೈನಿನದೇ. ದೊಡ್ಡ ಕಂಪನಿಗಳಲ್ಲಿ ರೆಸ್ಯೂಮನ್ನು ಮನುಷ್ಯರು ನೋಡುವ ಮೊದಲು ಎಟಿಎಸ್ ಎಂಬ ಸಾಫ್ಟ್‌ವೇರ್ ಓದಿ ವಿಂಗಡಿಸುವುದುಂಟು. ಕಾಲಂ, ಬಾಕ್ಸ್, ಚಿತ್ರಗಳಿದ್ದರೆ ಅದು ಕೆಲವೊಮ್ಮೆ ಸಾಲುಗಳನ್ನು ತಪ್ಪು ಕ್ರಮದಲ್ಲಿ ಎತ್ತಿಕೊಳ್ಳುತ್ತದೆ. ಮನೆಯಲ್ಲೇ ಪರೀಕ್ಷಿಸಬಹುದು. ಪಿಡಿಎಫ್‌ನಲ್ಲಿರುವುದನ್ನೆಲ್ಲ ಕಾಪಿ ಮಾಡಿ ನೋಟ್‌ಪ್ಯಾಡಿಗೆ ಹಾಕಿ ಓದಿ. ನನ್ನದರಲ್ಲಿ ಕಾಲೇಜಿನ ಹೆಸರಿನ ನಡುವೆ ಎಕ್ಸೆಲ್, ಟ್ಯಾಲಿ ನುಗ್ಗಿದ್ದವು.

ಮೇಡಂ ಹತ್ತಿರ ಕಾಗದಕ್ಕಿಂತ ಮೊದಲು ಪ್ರಶ್ನೆ. ಒಂದು ತಾಸು ಬರೀ ಕೇಳಿದರು.

‘ನೋಡವಾ, ಜಿಎಸ್‌ಟಿ ಫೈಲಿಂಗ್ ಅಂತ ಬರದೀಯಲ್ಲ, ನೀನ ಮಾಡ್ತೀಯೋ, ಆಡಿಟರ್ ಮಾಡ್ತಾರೋ?’

ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1 ಅನ್ನು ಪ್ರತಿ ತಿಂಗಳು 11ರೊಳಗೆ ನಾನೇ ತಯಾರು ಮಾಡುತ್ತೇನೆ, ಖರೀದಿ ಬಿಲ್‌ಗಳನ್ನು ಸಪ್ಲೈಯರುಗಳು ತೋರಿಸಿದ ಬಿಲ್‌ಗಳ ಪಟ್ಟಿ 2ಬಿ ಜೊತೆ ತಾಳೆ ನೋಡುತ್ತೇನೆ, ತೆರಿಗೆ ಕಟ್ಟುವ ರಿಟರ್ನ್ 3ಬಿ ಮಾತ್ರ ಆಡಿಟರ್ ಆಫೀಸಿನಿಂದ ಹೋಗುತ್ತದೆ ಅಂದೆ. ‘ಹಂಗಾದ್ರ ಅಷ್ಟ ಬರಿ. ಮಾಡದ್ದು ಬರದ್ರ ಅವರ ಮುಂದ ಸಿಕ್ಕೊಂತಿ’ ಅಂದರು.

ಆಮೇಲೆ ಸಣ್ಣ ಸಪ್ಲೈಯರುಗಳ ಪೇಮೆಂಟ್ ಯಾರು ನೋಡುತ್ತಾರೆ ಅಂತ ಕೇಳಿದರು. ಅದು ನನ್ನದೇ ಕೆಲಸ. ಎಂಎಸ್‌ಎಂಇ (ಸಣ್ಣ ಉದ್ದಿಮೆ) ನೋಂದಣಿ ಇರುವ ಸಣ್ಣ ತಯಾರಕರಿಗೆ ಹೆಚ್ಚೆಂದರೆ 45 ದಿನದೊಳಗೆ ಹಣ ಹೋಗಬೇಕು. ಹೋಗದಿದ್ದರೆ ಆ ಖರ್ಚನ್ನು ಕಂಪನಿ ಆ ವರ್ಷದ ಆದಾಯ ತೆರಿಗೆ ಲೆಕ್ಕದಲ್ಲಿ ಕಳೆಯಲು ಬರುವುದಿಲ್ಲ, ಹಣ ಕೊಟ್ಟ ವರ್ಷವೇ ಕಳೆಯಬೇಕು. 2024ರ ಏಪ್ರಿಲ್‌ನಲ್ಲಿ ಈ ನಿಯಮ ಬಂದಾಗಿನಿಂದ ಆ ಪಟ್ಟಿ ಇಟ್ಟುಕೊಂಡು ನೆನಪಿಸುವವಳು ನಾನು. ಮಿಕ್ಕ ಎರಡು ಪ್ರತಿಯಲ್ಲಿ ಇದರ ಸುಳಿವೇ ಇಲ್ಲ. ಅಲ್ಲಿ ಯಾರೂ ಕೇಳಿರಲಿಲ್ಲ. ಮೇಡಂ ಇದನ್ನು ಮೊದಲ ಪುಟದಲ್ಲೇ ಹಾಕಿದರು.

ಕವರ್ ಲೆಟರನ್ನು ಜಾಹೀರಾತು ತೋರಿಸದೆ ಬರೆಯುವುದೇ ಇಲ್ಲ ಅಂದರು. ತೋರಿಸಿದ ಮೇಲೆ ಮೂರು ಪ್ಯಾರಾ: ಯಾವ ಹುದ್ದೆ, ಅವರು ಕೇಳಿದ್ದರಲ್ಲಿ ನಾನು ಈಗಾಗಲೇ ಮಾಡುತ್ತಿರುವುದು ಯಾವುದು, ಯಾವಾಗ ಸೇರಬಲ್ಲೆ. ರೆಸ್ಯೂಮಿನಲ್ಲಿ ಇದ್ದದ್ದನ್ನೇ ಮತ್ತೆ ಹೇಳಿಲ್ಲ.

ಕೊರತೆ ಇಲ್ಲವೆಂದಲ್ಲ. ಮೇಡಂ ನಿಧಾನ. ವಾರದ ಮೇಲಾಯಿತು. ಸಾದಾ ವರ್ಡ್ ಪುಟ, ಅಲಂಕಾರ ಏನೂ ಇಲ್ಲ. ಲಿಂಕ್ಡ್‌ಇನ್ ಅವರಿಗೆ ಒಗ್ಗದು. ತೆಗೆದುಕೊಂಡದ್ದು ಎಂಟುನೂರು ರೂಪಾಯಿ.

ನಾನು ಈಗ ಕಳಿಸುತ್ತಿರುವುದು ಮೇಡಂ ಬರೆದದ್ದನ್ನೇ. ಒಂದೆರಡು ವರ್ಷ ಕೆಲಸ ಮಾಡಿದವರು ಇಂಥವರನ್ನು ಹುಡುಕಿ, ಅವರ ಪ್ರಶ್ನೆಗಳಿಗೇ ದುಡ್ಡು ಕೊಡಿ. ಇಂಗ್ಲಿಷ್ ಬರವಣಿಗೆ ತೀರಾ ಕಷ್ಟ ಅನ್ನುವವರಿಗೆ ಆನ್‌ಲೈನ್ ಸೇವೆ ಆದೀತು, ಆದರೆ ಪ್ರತಿ ಅಂಕಿಯನ್ನೂ ನೀವೇ ನೋಡಬೇಕು. ಈಗಷ್ಟೇ ಡಿಗ್ರಿ ಮುಗಿಸಿದವರು ಸುಮ್ನೆ ಯಾರಿಗೂ ದುಡ್ಡು ಕೊಡಬೇಡಿ, ಕಾಲೇಜಿನ ಪ್ಲೇಸ್‌ಮೆಂಟ್ ಸೆಲ್‌ನವರನ್ನು ಮೊದಲು ಕೇಳಿ. ರೆಸ್ಯೂಮ್ ಬರೆದುಕೊಟ್ಟು, ಕೆಲಸವನ್ನೂ ಕೊಡಿಸುತ್ತೇವೆ ಡಿಪಾಸಿಟ್ ಕಟ್ಟಿ ಅಂದರೆ ಅಲ್ಲಿಂದ ಎದ್ದು ಬನ್ನಿ.

ಯಾರ ಹತ್ತಿರ ಮಾಡಿಸಿದರೂ ವರ್ಡ್ ಫೈಲನ್ನು ಕೇಳಿ ಇಸ್ಕೊಳ್ಳಿ. ಬರೀ ಪಿಡಿಎಫ್ ಇದ್ದರೆ ಫೋನ್ ನಂಬರ್ ಬದಲಿಸಲೂ ಮತ್ತೆ ಅವರ ಬಾಗಿಲಿಗೇ ಹೋಗಬೇಕು.