ಫೈಲ್ ಹಿಸ್ಟರಿ: ‘ಆನ್’ ಅಂದ್ರ ಆನ್ ಅಲ್ರಿ

“ಬ್ಯಾಕಪ್ ಆನ್ ಐತ್ರಿ, ಆದ್ರ ಮೂರು ತಿಂಗಳಿಂದ ಒಂದು ಫೈಲೂ ಹೋಗಿಲ್ಲ ನೋಡ್ರಿ.” ಹುಬ್ಬಳ್ಳಿ–ಧಾರವಾಡದ ಕಂಪ್ಯೂಟರ್ ರಿಪೇರಿ ಅಂಗಡಿಗಳಲ್ಲಿ ಈ ದೂರು ಹೊಸದಲ್ಲ. ದೂರಿನ ಹಿಂದೆ ಹೆಚ್ಚಾಗಿ ಇರುವುದು ವಿಂಡೋಸ್ ಜೊತೆಗೇ ಬರುವ, ಫೈಲ್‌ಗಳ ನಕಲು ತಾನಾಗಿ ತೆಗೆದಿಡುವ ಫೈಲ್ ಹಿಸ್ಟರಿ. 2012ರಲ್ಲಿ ವಿಂಡೋಸ್ 8ರೊಂದಿಗೆ ಬಂದ ಈ ಸೌಲಭ್ಯ 10 ಮತ್ತು 11ರಲ್ಲೂ ಉಳಿದಿದೆ. ದುಡ್ಡು ಕೊಡಬೇಕಿಲ್ಲ, ಬೇರೆ ಸಾಫ್ಟ್‌ವೇರ್ ಬೇಕಿಲ್ಲ, ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಇದ್ದರೆ ಸಾಕು. ಐದಕ್ಕೆ ಮೂರೂವರೆ ಅಂಕ ಕೊಡಬಹುದು. ಕೆಲಸ ಕೆಟ್ಟದ್ದೆಂದು ಒಂದೂವರೆ ಕಡಿದದ್ದಲ್ಲ, ಕೆಲಸ ನಿಂತಾಗ ಬಾಯಿ ಬಿಡುವುದಿಲ್ಲ ಎಂದು.

ಮೊದಲು ಒಳ್ಳೆಯದು. ಫೈಲ್ ಹಿಸ್ಟರಿ ಗಂಟೆಗೊಮ್ಮೆ ಬದಲಾದ ಫೈಲ್‌ಗಳನ್ನು ಮಾತ್ರ ನಕಲು ಮಾಡುತ್ತದೆ, ಹಳೆಯ ಆವೃತ್ತಿಗಳನ್ನೂ ಇಟ್ಟುಕೊಳ್ಳುತ್ತದೆ. ಪ್ರಬಂಧದ ಎರಡು ಪುಟ ಅಳಿಸಿ ಸೇವ್ ಮಾಡಿಬಿಟ್ಟರೆ, ಆ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ನ ‘ಪ್ರೀವಿಯಸ್ ವರ್ಶನ್ಸ್’ ತೆರೆದರೆ ಬೆಳಗಿನ ಪ್ರತಿ ಸಿಗುತ್ತದೆ. ನಕಲುಗಳು ಯಾವುದೇ ವಿಶೇಷ ಕಟ್ಟಿನಲ್ಲಿ ಇರುವುದಿಲ್ಲ. ಡಿಸ್ಕ್‌ನ ಫೈಲ್‌ಹಿಸ್ಟರಿ ಫೋಲ್ಡರ್ ಒಳಗೆ ಯೂಸರ್ ಹೆಸರು, ಕಂಪ್ಯೂಟರ್ ಹೆಸರು, ಡೇಟಾ ಹೀಗೆ ಇಳಿಯುತ್ತ ಹೋದರೆ ಮಾಮೂಲಿ ಫೈಲ್‌ಗಳಾಗಿಯೇ ಕೂತಿರುತ್ತವೆ. ಕಂಪ್ಯೂಟರ್ ಪೂರ್ತಿ ಸತ್ತರೂ ಆ ಡಿಸ್ಕನ್ನು ಪಕ್ಕದ ಮನೆಯ ಲ್ಯಾಪ್‌ಟಾಪ್‌ಗೆ ಚುಚ್ಚಿ ಕಾಪಿ ಮಾಡಿಕೊಳ್ಳಬಹುದು. ಈ ಒಂದು ಗುಣಕ್ಕೇ ಇದು ಎಷ್ಟೋ ದುಬಾರಿ ಸಾಫ್ಟ್‌ವೇರ್‌ಗಿಂತ ಮೇಲು.

ನಕಲಿನ ಹೆಸರಿನ ಕೊನೆಗೆ ಕಂಸದಲ್ಲಿ ತಾರೀಖು, ಸಮಯ ಮತ್ತು ‘ಯುಟಿಸಿ’, ಅಂದರೆ ಜಗತ್ತಿಗೆಲ್ಲ ಒಂದೇ ಆದ ಮೂಲ ಸಮಯ, ಎಂದಿರುತ್ತದೆ. ಅದು ನಮ್ಮ ಗಡಿಯಾರವಲ್ಲ. ನಮ್ಮ ಸಮಯ ಅದಕ್ಕಿಂತ ಐದೂವರೆ ತಾಸು ಮುಂದೆ, ಹಾಗಾಗಿ ಸಂಜೆ 4 ಗಂಟೆಯ ನಕಲಿನ ಮೇಲೆ 10_30 ಎಂದು ಬರೆದಿರುತ್ತದೆ. “ಸಂಜೀದು ಬರೇ ಇಲ್ಲ, ಮುಂಜಾನಿದು ಐತಿ” ಎಂದು ಗಾಬರಿಯಾಗುವವರು ಮೊದಲು ಐದೂವರೆ ಕೂಡಿಸಿ ನೋಡಬೇಕು.

ಈಗ ತೊಂದರೆಗಳು. ಕಂಟ್ರೋಲ್ ಪ್ಯಾನೆಲ್‌ನ ಫೈಲ್ ಹಿಸ್ಟರಿ ಪುಟದಲ್ಲಿ ‘ಆನ್’ ಎಂಬ ಮಾತನ್ನು ನೋಡಲೇಬೇಡಿ, ‘ಫೈಲ್ಸ್ ಲಾಸ್ಟ್ ಕಾಪೀಡ್ ಆನ್’ ಎಂಬ ಸಾಲಿನ ತಾರೀಖು ನೋಡಿ. ಅದು ಇವತ್ತಿನದಾಗಿರದಿದ್ದರೆ ಪಕ್ಕದ ‘ರನ್ ನೌ’ ಒತ್ತಿ. ತಾರೀಖು ಬದಲಾದರೆ ಡಿಸ್ಕ್ ಬಹುಕಾಲ ಕಳಚಿಟ್ಟಿದ್ದೇ ಕಾರಣ. ಬದಲಾಗದಿದ್ದರೆ ‘ಅಡ್ವಾನ್ಸ್ಡ್ ಸೆಟ್ಟಿಂಗ್ಸ್’ ಪುಟದ ಕೆಳಗೆ ಇವೆಂಟ್ ಲಾಗ್ (ನಡೆದದ್ದು, ತಪ್ಪಿದ್ದು ಬರೆದಿಡುವ ಪಟ್ಟಿ) ತೆರೆಯುವ ಕೊಂಡಿ ಇದೆ. ಸಾಮಾನ್ಯವಾಗಿ ಯಾರೂ ಒತ್ತದ ಕೊಂಡಿ ಅದು, ರೋಗ ಬರೆದಿರುವುದೂ ಅಲ್ಲೇ.

ಆ ಲಾಗ್‌ನಲ್ಲಿ ಕನ್ನಡದಲ್ಲಿ ಬರೆಯುವವರಿಗೆ ಪದೇಪದೇ ಸಿಗುವ ಎಚ್ಚರಿಕೆ ಎಂದರೆ ಫೈಲ್‌ನ ಪೂರ್ಣ ವಿಳಾಸ ಮಿತಿ ಮೀರಿತು, ಆದ್ದರಿಂದ ನಕಲಾಗಲಿಲ್ಲ ಎಂಬುದು. ಮಿತಿ 260 ಅಕ್ಷರ. ಆದರೆ ಕಂಪ್ಯೂಟರ್ ಎಣಿಸುವ ಅಕ್ಷರವೂ ನಮ್ಮ ಕಣ್ಣು ಎಣಿಸುವ ಅಕ್ಷರವೂ ಬೇರೆ. ‘ಹುಬ್ಬಳ್ಳಿ’ ನಮಗೆ ಮೂರಕ್ಷರ. ಕಂಪ್ಯೂಟರ್ ಮಾತ್ರ ಹ, ಉಕಾರದ ಕೊಂಬು, ಬ, ವಿರಾಮ (ಒತ್ತಕ್ಷರ ಮಾಡುವ ಗುರುತು), ಬ, ಳ, ವಿರಾಮ, ಳ, ಗುಡಿಸು ಎಂದು ಒಂಬತ್ತು ಎಣಿಸುತ್ತದೆ. ಅದರ ಮೇಲೆ ಆ ಯುಟಿಸಿ ಬಾಲವೇ 26. ಡಿಸ್ಕ್‌ನ ಕಡೆ ಸೇರುವ ಫೋಲ್ಡರ್ ಹೆಸರುಗಳು ಇನ್ನೊಂದು 40ರ ಆಸುಪಾಸು. ಅಂದರೆ ನಿಮ್ಮ ಪಾಲಿಗೆ ಉಳಿಯುವುದು ಹೆಚ್ಚುಕಡಿಮೆ 190. ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸಲ್ಲಿಸುವ ಮಹಾಪ್ರಬಂಧದ ಪೂರ್ತಿ ಶೀರ್ಷಿಕೆಯನ್ನೇ ಫೋಲ್ಡರ್‌ಗೆ ಇಟ್ಟು, ಅದರೊಳಗೆ ‘ಅಧ್ಯಾಯಗಳು’, ಅದರೊಳಗೆ ‘ಮಾರ್ಗದರ್ಶಕರು ತಿದ್ದಿದ ಪ್ರತಿ’ ಎಂದು ಇಳಿಯುತ್ತ ಹೋದವರ ಕೊನೆಯ ಫೈಲ್‌ಗಳು, ಅಂದರೆ ಎಲ್ಲಕ್ಕಿಂತ ಬೇಕಾದವು, ಸದ್ದಿಲ್ಲದೆ ಬಿಟ್ಟುಹೋಗುತ್ತವೆ. ಫೋಲ್ಡರ್‌ಗೆ ‘ಪ್ರಬಂಧ’, ಫೈಲ್‌ಗೆ ‘ಅ3’ ಎಂದಿಟ್ಟರೆ ಸಾಕು, ಶೀರ್ಷಿಕೆ ಒಳಗಿನ ಪುಟದಲ್ಲಿರಲಿ.

ಎರಡನೆಯ ದೊಡ್ಡ ಕಾರಣ ಒನ್‌ಡ್ರೈವ್, ಅಂದರೆ ಇಂಟರ್ನೆಟ್‌ನಲ್ಲಿ ಫೈಲ್ ಇಡಲು ಮೈಕ್ರೋಸಾಫ್ಟ್ ಕೊಡುವ ಜಾಗ. ವಿಂಡೋಸ್ 11 ಹಾಕುವಾಗ ‘ಯೆಸ್’ ಒತ್ತುತ್ತ ಹೋದರೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮೂರೂ ಒನ್‌ಡ್ರೈವ್ ಫೋಲ್ಡರ್ ಒಳಗೆ ಹೋಗಿ ಕೂರಬಹುದು. ಮೋಡದ ಗುರುತಿರುವ ಫೈಲ್ ನಿಮ್ಮ ಕಂಪ್ಯೂಟರ್‌ನಲ್ಲಿ ಇಲ್ಲ, ಇರುವುದು ಹೆಸರು ಮಾತ್ರ. ಕಂಪ್ಯೂಟರ್‌ನಲ್ಲಿ ಇಲ್ಲದ್ದನ್ನು ಫೈಲ್ ಹಿಸ್ಟರಿ ನಕಲು ಮಾಡುವುದಿಲ್ಲ. ಆ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್’ ಆರಿಸಿ, ಮೋಡ ಹೋಗಿ ಹಸಿರು ಗುರುತು ಬರುವ ತನಕ ಕಾಯಿರಿ. ಒನ್‌ಡ್ರೈವ್‌ನಲ್ಲಿ ಪುಕ್ಕಟೆ ಜಾಗ 5 ಜಿಬಿ ಮಾತ್ರ. ಮದುವೆ ಫೋಟೊ ಹಾಕಿದರೆ ಒಂದೇ ದಿನಕ್ಕೆ ತುಂಬುತ್ತದೆ.

ವಿಂಡೋಸ್ 10ರಲ್ಲಿ ಬೇಕಾದ ಫೋಲ್ಡರನ್ನು ಸೆಟ್ಟಿಂಗ್ಸ್‌ನಿಂದಲೇ ಸೇರಿಸಬಹುದಿತ್ತು. 11ರಲ್ಲಿ ಆ ಪುಟವನ್ನೇ ತೆಗೆದುಹಾಕಿದ್ದಾರೆ, ಯಾಕೋ ಏನೋ. ಈಗ ಡಿ ಡ್ರೈವ್‌ನ ಫೋಲ್ಡರ್ ಸೇರಬೇಕೆಂದರೆ ಅದರ ಮೇಲೆ ರೈಟ್ ಕ್ಲಿಕ್, ‘ಶೋ ಮೋರ್ ಆಪ್ಶನ್ಸ್’, ‘ಇನ್‌ಕ್ಲೂಡ್ ಇನ್ ಲೈಬ್ರರಿ’ ಎಂಬ ಸುತ್ತುದಾರಿ. ಇನ್ನೊಂದು: ಈ ಸೆಟ್ಟಿಂಗ್ ಪ್ರತಿ ಯೂಸರ್‌ಗೂ ಬೇರೆ. ಅಪ್ಪನ ಅಕೌಂಟ್‌ನಲ್ಲಿ ಆನ್ ಮಾಡಿದರೆ ಮಗಳ ಅಕೌಂಟ್‌ನ ಫೈಲ್‌ಗಳು ಹೋಗುವುದಿಲ್ಲ.

ಡಿಸ್ಕ್ ಇದ್ದೂ ‘ರೀಕನೆಕ್ಟ್ ಯುವರ್ ಡ್ರೈವ್’ ಎಂದು ಮತ್ತೆಮತ್ತೆ ಬಂದರೆ ಸಾಫ್ಟ್‌ವೇರನ್ನು ಬೈಯುವ ಮೊದಲು ವೈರ್ ನೋಡಿ. ಎರಡೂವರೆ ಇಂಚಿನ ಡಿಸ್ಕ್ ಕರೆಂಟನ್ನು ಯುಎಸ್‌ಬಿಯಿಂದಲೇ ಎಳೆಯುತ್ತದೆ. ಯುಎಸ್‌ಬಿ 2 ಪೋರ್ಟ್ ಕೊಡಬೇಕಾದದ್ದು 500 ಮಿಲಿಆ್ಯಂಪ್, ಯುಎಸ್‌ಬಿ 3 ಕೊಡುವುದು 900. ಕ್ಯಾಬಿನೆಟ್‌ನ ಮುಂದಿನ ಪೋರ್ಟ್ ಬಿಟ್ಟು ಹಿಂದಿನ ನೀಲಿ ಪೋರ್ಟ್‌ಗೆ, ಎಕ್ಸ್‌ಟೆನ್ಶನ್ ವೈರ್ ಇಲ್ಲದೆ, ಡಿಸ್ಕ್ ಜೊತೆ ಬಂದ ಗಿಡ್ಡ ಕೇಬಲ್‌ನಲ್ಲೇ ಹಾಕಿ. ಪವರ್ ಆಪ್ಶನ್ಸ್‌ನಲ್ಲಿ ‘ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್’ ಆಫ್ ಮಾಡಿ. ಗುಡುಗು ಮಳೆಯಲ್ಲಿ ನಕಲು ನಡೆದಿರುವಾಗಲೇ ಕರೆಂಟ್ ಹೋಗಿದ್ದರೆ ಡ್ರೈವ್‌ನ ಪ್ರಾಪರ್ಟೀಸ್, ಟೂಲ್ಸ್, ‘ಚೆಕ್’ ಒಮ್ಮೆ ನಡೆಸಿ. ಡಿಸ್ಕ್‌ನ ಆರೋಗ್ಯ ತೋರಿಸುವ ಕ್ರಿಸ್ಟಲ್ ಡಿಸ್ಕ್ ಇನ್ಫೊ ಸಾಫ್ಟ್‌ವೇರ್‌ನಲ್ಲಿ ಹಳದಿ ‘ಕಾಷನ್’ ಕಂಡರೆ ಮಾತ್ರ ದುರಸ್ತಿ ಗಿರಸ್ತಿ ಬೇಡ, ಇರುವುದನ್ನು ತೆಗೆದುಕೊಂಡು ಹೊಸ ಡಿಸ್ಕ್ ತರುವುದೇ ಸರಿ.

ಡಿಸ್ಕ್ ತುಂಬಿದ ದೂರಿಗೆ ಕಾರಣ ನಕಲುಗಳನ್ನು ‘ಫಾರೆವರ್’ ಇಡುವ ಮೂಲ ಸೆಟ್ಟಿಂಗ್. ಅದನ್ನು ‘ಅಂಟಿಲ್ ಸ್ಪೇಸ್ ಈಸ್ ನೀಡೆಡ್’ ಮಾಡಿ, ‘ಕ್ಲೀನ್ ಅಪ್ ವರ್ಶನ್ಸ್’ ಒಮ್ಮೆ ಒತ್ತಿ.

ಏನು ಮಾಡಿದರೂ ಸರಿಹೋಗದಿದ್ದರೆ ಉಳಿದದ್ದು ಒಂದು. ಫೈಲ್ ಹಿಸ್ಟರಿ ಆಫ್ ಮಾಡಿ. ಎಕ್ಸ್‌ಪ್ಲೋರರ್‌ನಲ್ಲಿ ‘ಹಿಡನ್ ಐಟಮ್ಸ್’ ಕಾಣುವಂತೆ ಮಾಡಿ, ನಿಮ್ಮ ಯೂಸರ್ ಫೋಲ್ಡರ್‌ನಿಂದ ಆ್ಯಪ್‌ಡೇಟಾ, ಲೋಕಲ್, ಮೈಕ್ರೋಸಾಫ್ಟ್, ವಿಂಡೋಸ್, ಫೈಲ್‌ಹಿಸ್ಟರಿ ಎಂದು ಇಳಿಯಿರಿ. ಅಲ್ಲಿನ ‘ಕಾನ್ಫಿಗರೇಶನ್’ ಫೋಲ್ಡರ್‌ಗೆ ಬೇರೆ ಹೆಸರಿಟ್ಟು ಮತ್ತೆ ಆನ್ ಮಾಡಿದರೆ ಎಲ್ಲವೂ ಹೊಸದಾಗಿ ಶುರುವಾಗುತ್ತದೆ. ಮುಟ್ಟಬೇಕಾದದ್ದು ಸಿ ಡ್ರೈವ್‌ನ ಫೋಲ್ಡರನ್ನು. ಎಕ್ಸ್‌ಟರ್ನಲ್ ಡಿಸ್ಕ್‌ನಲ್ಲೂ ಅದೇ ಹೆಸರಿನದೊಂದು ಇದೆ, ಅದು ಇದ್ದ ಹಾಗೇ ಇರಲಿ.

ಟ್ಯಾಲಿ ಲೆಕ್ಕಕ್ಕೆ ಇದನ್ನು ನೆಚ್ಚಬೇಡಿ. ಬ್ಯಾಡಗಿ ಪೇಟೆಯ ದಲಾಲಿ ಲೆಕ್ಕವನ್ನು ರಾತ್ರಿ ಮನೆಯಲ್ಲಿ ಕೂತು ಬರೆಯುವವರಿಗೆ ಈ ಮಾತು ಮುಖ್ಯ. ಒಂದು ಕಂಪನಿಯ ಲೆಕ್ಕ ಹತ್ತಾರು ಫೈಲ್‌ಗಳಲ್ಲಿ ಹರಡಿರುತ್ತದೆ, ಅವು ಒಂದಕ್ಕೊಂದು ತಾಳೆಯಾಗಬೇಕು. ಟ್ಯಾಲಿ ತೆರೆದಿರುವಾಗ ಒಂದು ಫೈಲ್ ಈಗಿನದು, ಇನ್ನೊಂದು ಗಂಟೆ ಹಿಂದಿನದು ಎಂದು ನಕಲಾದರೆ ವಾಪಸ್ ತಂದಾಗ ಲೆಕ್ಕ ತೆರೆಯದೇ ಹೋಗಬಹುದು. ಟ್ಯಾಲಿಪ್ರೈಮ್‌ನಲ್ಲಿ ಆಲ್ಟ್ ಮತ್ತು ವೈ ಒತ್ತಿ ‘ಬ್ಯಾಕಪ್’ ಆರಿಸಿ, ಅದು ಬಂದು ಬೀಳುವ ಜಾಗವಾಗಿ ಡಾಕ್ಯುಮೆಂಟ್ಸ್‌ನ ಒಂದು ಫೋಲ್ಡರ್ ಕೊಡಿ. ಆ ಬ್ಯಾಕಪ್ ಫೈಲನ್ನು ಫೈಲ್ ಹಿಸ್ಟರಿ ಹೊತ್ತೊಯ್ಯಲಿ, ಅಷ್ಟು ಕೆಲಸ ಅದಕ್ಕೆ ಚೆನ್ನಾಗಿ ಬರುತ್ತದೆ.

ವಿಂಡೋಸನ್ನೇ ಮರಳಿ ತರುವುದಾಗಲಿ, ಸಾಫ್ಟ್‌ವೇರ್‌ಗಳನ್ನು ಉಳಿಸುವುದಾಗಲಿ ಇದರಿಂದ ಆಗದು. ಡಿಸ್ಕ್ ಸದಾ ಚುಚ್ಚಿಯೇ ಇದ್ದರೆ ಫೈಲ್‌ಗೆ ಬೀಗ ಹಾಕುವ ವೈರಸ್ ನಕಲುಗಳಿಗೂ ಬೀಗ ಹಾಕುತ್ತದೆ. ಹಾಗಾಗಿ ತಿಂಗಳಿಗೊಮ್ಮೆ ಎರಡನೆಯ ಡಿಸ್ಕ್‌ಗೆ ಕೈಯಿಂದಲೇ ಕಾಪಿ ಮಾಡಿ ಕಪಾಟಿನಲ್ಲಿಡಿ. ಅದೇ ದಿನ ಫೈಲ್ ಹಿಸ್ಟರಿಯ ಮರುಸ್ಥಾಪನೆ ಪುಟದಲ್ಲಿ ಯಾವುದಾದರೂ ಒಂದು ಫೈಲ್ ಆರಿಸಿ, ಕೆಳಗಿನ ದುಂಡು ಗುಂಡಿಯ ಮೇಲೆ ರೈಟ್ ಕ್ಲಿಕ್ ಮಾಡಿ, ‘ರಿಸ್ಟೋರ್ ಟು’ ಕೊಟ್ಟು ಬೇರೆ ಜಾಗಕ್ಕೆ ತರಿಸಿ, ತೆರೆದು ನೋಡಿ. ಸುಮ್ಮನೆ ‘ರಿಸ್ಟೋರ್’ ಒತ್ತಿದರೆ ಈಗಿನ ಫೈಲ್ ಇರುವ ಜಾಗಕ್ಕೇ ಹಳೆಯದು ಬಂದು ‘ರಿಪ್ಲೇಸ್’ ಮಾಡಲೇ ಎಂದು ಕೇಳುತ್ತದೆ. ಅವಸರದಲ್ಲಿ ಹ್ಞೂಂ ಎಂದರೆ ಇವತ್ತಿನ ಕೆಲಸ ಹೋಯಿತು.