ಕಿವಿ ತೋರಿಸಲು ಹೋದರೆ ಮೂಗು, ಗಂಟಲನ್ನೂ ನೋಡುವ ಇಎನ್‌ಟಿ ಕ್ಲಿನಿಕ್

ಐದಕ್ಕೆ ನಾಲ್ಕು ಸ್ಟಾರ್. ಡಾಕ್ಟರಿಗೆ ಮಾತ್ರ ಆದರೆ ಐದೂ ಕೊಡುತ್ತಿದ್ದೆ.

ನಮ್ಮ ಮಾವನವರದು ಸಾಗರದ ಕಡೆ ಊರು. ಅಡಿಕೆ ತೋಟ, ದಿನಾ ಕವಳ, ಅಂದರೆ ಎಲೆಯಡಿಕೆ. ಬಲಗಿವಿ ಮುಚ್ಚಿದ ಹಾಗೆ ಇರುತ್ತೆ, ಒಳಗೆ ಗುಂಯ್ ಅನ್ನುತ್ತೆ ಅಂತ ತಿಂಗಳುಗಟ್ಟಲೆ ಹೇಳುತ್ತಿದ್ದರು. ತೋರಿಸಿದಲ್ಲೆಲ್ಲ ಡ್ರಾಪ್ಸು, ಆಂಟಿಬಯಾಟಿಕ್ಕು. ಸ್ವಲ್ಪ ದಿನ ಪರವಾಗಿಲ್ಲ ಅನ್ನಿಸೋದು, ಮತ್ತೆ ಅದೇ ಕಥೆ. ಬೆಂಗಳೂರಿಗೆ ಬಂದಾಗ ಮನೆ ಹತ್ತಿರ ಅಂತ ಈ ಕ್ಲಿನಿಕ್ಕಿಗೆ ಕರೆದುಕೊಂಡು ಬಂದೆ.

ಡಾಕ್ಟರು ಕಿವಿ ಮುಟ್ಟುವ ಮೊದಲೇ ಕೇಳಿದ್ದು, "ಯಜಮಾನ್ರೇ, ಒಂದೇ ಕಿವಿನಾ? ಮೂಗಿಂದ ರಕ್ತ ಬಂದಿತ್ತಾ? ಕುತ್ತಿಗೇಲಿ ಗಂಟೇನಾದ್ರೂ? ಧ್ವನಿ ಬದಲಾಗಿದೆಯಾ?" ಆಮೇಲೆ ಕಿವಿಗೆ ಒಂದು ಸಣ್ಣ ರಬ್ಬರ್ ತುದಿ ಇಟ್ಟು ಗಾಳಿಯ ಒತ್ತಡದ ಟೆಸ್ಟ್ ಮಾಡಿಸಿದರು, ಟಿಂಪನೋಮೆಟ್ರಿ ಅಂತಾರೆ. ಎಡಗಿವಿಯ ಗ್ರಾಫಲ್ಲಿ ಗುಡ್ಡದ ಹಾಗೆ ಗೆರೆ ಎದ್ದಿತ್ತು, ಬಲಗಿವಿಯದು ಪೂರ್ತಿ ಚಪ್ಪಟೆ. ಅಂದರೆ ಕಿವಿತಮಟೆಯ ಹಿಂದೆ ನೀರು ನಿಂತಿದೆ.

ನೀರು ಯಾಕೆ ನಿಂತಿತು ಅಂತ ಹುಡುಕಿದರಲ್ಲ, ಅದಕ್ಕೇ ಈ ರಿವ್ಯೂ ಬರೆಯುತ್ತಿದ್ದೇನೆ. ಕಿವಿಯಿಂದ ಮೂಗಿನ ಹಿಂಭಾಗಕ್ಕೆ ಒಂದು ನಾಳ ಇರುತ್ತೆ. ಮಕ್ಕಳಲ್ಲಿ ಅದು ಗಿಡ್ಡ, ಅಡ್ಡಡ್ಡ, ಅದಕ್ಕೆ ಅವರಿಗೆ ಕಿವಿ ಸೋಂಕು ಜಾಸ್ತಿ. ದೊಡ್ಡವರಿಗೆ ಶೀತ, ಅಲರ್ಜಿ ಏನೂ ಇಲ್ಲದೆ ಒಂದೇ ಕಿವಿಯಲ್ಲಿ ನೀರು ನಿಂತು ಹೋಗದೇ ಇದ್ದರೆ, ಆ ನಾಳದ ಬಾಯಿಯನ್ನು ಗೆಡ್ಡೆ ಒತ್ತಿರಬಹುದಾ ಅಂತ ನೋಡಲೇಬೇಕಂತೆ. ಮೂಗಿನ ಹಿಂದಿನ ಕ್ಯಾನ್ಸರ್ ಕೆಲವೊಮ್ಮೆ ಮೊದಲು ತೋರಿಸಿಕೊಳ್ಳುವುದೇ ಹೀಗೆ. ನಮ್ಮ ದೇಶದಲ್ಲಿ ನಾಗಾಲ್ಯಾಂಡ್, ಮಣಿಪುರದ ಕಡೆ ಜಾಸ್ತಿ, ನಮ್ಮಲ್ಲಿ ಅಪರೂಪ. ಬಹುಪಾಲು ಜನರಿಗೆ ಹೀಗೆ ನೀರು ನಿಲ್ಲುವುದು ಬರೀ ಶೀತ, ಅಲರ್ಜಿಯಿಂದಲೇ ಅಂತಲೂ ಬಿಡಿಸಿ ಹೇಳಿದರು, ಹೆದರಿಸಲಿಲ್ಲ.

ಎಂಡೋಸ್ಕೋಪಿ ಅಂದಾಗ ಮಾವನ ಮುಖ ಸಪ್ಪಗಾಯಿತು. ಮೂಗಿಗೆ ಮರಗಟ್ಟಿಸುವ ಸ್ಪ್ರೇ ಹೊಡೆದರು, ಕಹಿ ಗಂಟಲಿಗಿಳಿದು ಒಂದೆರಡು ಸಲ ಕೆಮ್ಮಿದರು, ಅಷ್ಟೇ. ತೆಳು ಕೊಳವೆ ಒಳಗೆ ಹೋದ ಹಾಗೆ ಎದುರಿನ ಪರದೆಯಲ್ಲಿ ಎಲ್ಲ ಕಾಣುತ್ತಿತ್ತು. ನಾಳದ ಬಾಯಿ ಊದಿಕೊಂಡಿತ್ತು, ಗೆಡ್ಡೆ ಏನೂ ಇರಲಿಲ್ಲ. ನನಗೆ ಆಗ ಉಸಿರು ಬಂತು ನೋಡಿ.

ಅಲ್ಲಿಗೇ ಬಿಡಲಿಲ್ಲ. ನಾಲಿಗೆಯ ಬುಡ, ಟಾನ್ಸಿಲ್, ಗಂಟಲಲ್ಲಿ ಹುಣ್ಣಿದ್ದರೂ ನೋವು ಕಿವಿಗೆ ಹೊಡೆಯುತ್ತದಂತೆ, ಎರಡಕ್ಕೂ ನರ ಒಂದೇ ಇರುವುದರಿಂದ. ಕಿವಿ ನೋಡಿದರೆ ಚೆನ್ನಾಗೇ ಇರುತ್ತೆ, ನೋವು ಮಾತ್ರ ಹೋಗಲ್ಲ. ಅದಕ್ಕೇ ಗಂಟಲು ನೋಡಿ, ಕುತ್ತಿಗೆ ಸವರಿ, ಮೂರು ಬೆರಳು ಒಂದರ ಮೇಲೊಂದು ಇಟ್ಟು ಬಾಯೊಳಗೆ ಹೋಗುತ್ತಾ ಅಂತ ಪರೀಕ್ಷೆ ಮಾಡಿದರು. ಎರಡೇ ಹೋಯಿತು. ಕೆನ್ನೆಯ ಒಳಗೆ ಬಿಗಿತ ಶುರುವಾಗಿದೆ, ಇದು ಅಡಿಕೆಯಿಂದ, ಮುಂದೆ ಬಾಯಿ ಕ್ಯಾನ್ಸರ್‌ಗೆ ತಿರುಗಬಹುದು ಅಂದರು. "ಹೊಗೆಸೊಪ್ಪು ಬಿಟ್ಟು ವರ್ಷವಾಯ್ತು" ಅಂದರು ಮಾವ. ಬರೀ ಅಡಿಕೆಯೂ ಸಾಕು ಅಂದರು ಡಾಕ್ಟರು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಅದನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಅಡಿಕೆಯಿಂದಲೇ ಅನ್ನ ತಿಂದ ಮನೆ ನಮ್ಮದು, ಕೇಳೋಕೆ ಕಷ್ಟ ಆಯಿತು, ಆದರೂ ಮುಖಕ್ಕೆ ಹೇಳಿದ್ದು ಒಳ್ಳೇದೇ ಆಯಿತು. ಈಗ ಕವಳದ ಡಬ್ಬಿ ಅತ್ತೆಯ ಕೈಯಲ್ಲಿದೆ.

ಮೂಗಿಗೆ ಸ್ಪ್ರೇ ಕೊಟ್ಟಿದ್ದಾರೆ, ಆರು ವಾರ ಬಿಟ್ಟು ಮತ್ತೆ ಅದೇ ಟೆಸ್ಟ್. ನೀರು ಹೋಗದಿದ್ದರೆ ಸ್ಕ್ಯಾನ್.

ಒಂದು ಸ್ಟಾರ್ ಕಡಿಮೆ ಯಾಕೆ ಅಂದರೆ, ಟೋಕನ್ ಕೊಟ್ಟ ಸಮಯಕ್ಕೂ ಒಳಗೆ ಕರೆದಿದ್ದಕ್ಕೂ ತಾಳಮೇಳವೇ ಇರಲಿಲ್ಲ. ಎಂಡೋಸ್ಕೋಪಿಗೆ ಬೇರೆ ದುಡ್ಡು ಅಂತ ಕೌಂಟರಿನವರು ಮೊದಲೇ ಹೇಳಬೇಕಿತ್ತು. ಮೆಟ್ಟಿಲು ಕಡಿದಾಗಿದೆ, ಲಿಫ್ಟ್ ಇಲ್ಲ. ವಯಸ್ಸಾದವರನ್ನು ಕರೆದುಕೊಂಡು ಬರುವವರು ಫೋನ್ ಮಾಡಿ ಹೇಳಿದರೆ ಹುಡುಗನನ್ನು ಕೆಳಗೆ ಕಳಿಸುತ್ತಾರೆ.