ಕೋಳಿಗೂಡಿಗೆ ಭತ್ತದ ಹೊಟ್ಟು: ಒಂದು ಮಳೆಗಾಲದ ಅನುಭವ

ಮೇ ಕೊನೆಯಲ್ಲಿ ಗೋಣಿಕೊಪ್ಪ ಕಡೆಯ ಅಕ್ಕಿ ಗಿರಣಿಯಿಂದ 6 ಮೂಟೆ ಹೊಟ್ಟು ತಂದೆ. ಹಿತ್ತಲಲ್ಲಿ 12 ನಾಟಿ ಕೋಳಿಗಳಿವೆ. ಗೂಡಿನ ನೆಲಕ್ಕೆ ಹಾಸಾಗಿ ಮೊದಲು 4 ಇಂಚು ಹರಡಿದೆ, ಸೇರಿಸುತ್ತಾ ಈಗ 8 ಇಂಚಾಗಿದೆ. ಹೊಟ್ಟು ಗರಿಗರಿ ಒಣಗಿತ್ತು, ಬೂಷ್ಟು ಇರಲಿಲ್ಲ. ಅದೇ ಮುಖ್ಯ ಅಲ್ವಾ?

ಹೋದ ವರ್ಷ ಹಸಿ ಮರದ ಪುಡಿ ಹಾಕಿದ್ದೆ. ಜುಲೈ ಮಳೆಗೆ ಹೆಪ್ಪುಗಟ್ಟಿತು, 3 ಮರಿಗಳು ರಕ್ತಭೇದಿಯಾಗಿ ಸತ್ತವು. ಇನ್ನೂ ಸಂಕಟ ಆಗುತ್ತದೆ.

ಈ ಸಲ ದಿನ ಬಿಟ್ಟು ದಿನ ಕೆದಕುತ್ತೇನೆ. ಒಂದು ಹಿಡಿ ತೆಗೆದು ಹಿಂಡುತ್ತೇನೆ. ಉಂಡೆ ಕಟ್ಟಿದರೆ ಒದ್ದೆ ಜಾಸ್ತಿ ಎಂದರ್ಥ. ನೀರಿನ ಪಾತ್ರೆಯ ಸುತ್ತ ಮಾತ್ರ ಹಾಗಾಯಿತು. ಅಷ್ಟನ್ನು ತೆಗೆದು ಹೊಸದು ಹಾಕಿದೆ. ಕಣ್ಣು ಉರಿಸುವ ವಾಸನೆ ಇಲ್ಲವೇ ಇಲ್ಲ.

ಮೂಟೆಯ ಹೊಲಿಗೆ ಸಡಿಲ, ಜೀಪಿನ ತುಂಬಾ ಚೆಲ್ಲಿತು. ಆದರೂ ಮತ್ತೆ ಅಲ್ಲಿಂದಲೇ ತರುತ್ತೇನೆ. ಹಳೆಯದು ಚೆನ್ನಾಗಿ ಕಳಿತ ಮೇಲೆ ಕಾಳುಮೆಣಸಿನ ಬುಡಕ್ಕೆ.